ಎಳ್ಳಮವಾಸ್ಯೆ ರಾತ್ರಿ ಮಕ್ಕಳಿಗೆ ಆಕಾಶ ತೋರಿಸಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಎಳ್ಳಮವಾಸ್ಯೆಗೆ ನೀವೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೀರಿ. ಚರಗ ಚೆಲ್ಲಿ, ಉಂಡು, ಸಂಜೆಗೆ ಮನೆ ಸೇರುತ್ತೀರಿ. ಈ ಸಲ ಅಂದು ರಾತ್ರಿ ಎಂಟೂವರೆಗೆ ಅರ್ಧ ತಾಸು ಮಕ್ಕಳಿಗಾಗಿ ತೆಗೆದಿಡಿ. ಚಂದ್ರ ಇರುವುದಿಲ್ಲ. ಗದಗ ಪೇಟೆಯ ದೀಪಗಳೂ ನಮ್ಮೂರಿಂದ ದೂರ.

ಮಕ್ಕಳನ್ನು ಮಾಳಿಗೆ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ. ಒಂದರ ಕೆಳಗೊಂದು, ಸ್ವಲ್ಪ ಓರೆಯಾಗಿ, ಮೂರು ಚುಕ್ಕಿಗಳ ಸಾಲು ಕಾಣುತ್ತದೆ. ಅದೇ ಮಹಾವ್ಯಾಧನ, ಅಂದರೆ ಬೇಟೆಗಾರನ ಆಕಾರದ ನಕ್ಷತ್ರಗಳ ಗುಂಪಿನ, ನಡುಪಟ್ಟಿ. ಅದರ ಎಡಕ್ಕೆ ಕೆಂಪಗೆ ಹೊಳೆಯುವುದು ಆರ್ದ್ರಾ. ಬಲಕ್ಕೆ ನೀಲಿ ಬಿಳುಪಿನ ರೈಜೆಲ್. ಆ ಸಾಲನ್ನೇ ಹಿಡಿದು ಕೆಳಗೆ ಬಂದರೆ ಲುಬ್ಧಕ ಸಿಗುತ್ತದೆ. ರಾತ್ರಿಯ ನಕ್ಷತ್ರಗಳಲ್ಲಿ ಅದಕ್ಕಿಂತ ಹೊಳಪಿನದು ಇನ್ನೊಂದಿಲ್ಲ. ಅದರ ಬೆಳಕು ನಮ್ಮನ್ನು ಮುಟ್ಟಲು 8.6 ವರ್ಷ ಬೇಕು. ಅಂದರೆ ನಮ್ಮ ಮೂರನೇ ಕ್ಲಾಸಿನ ಮಕ್ಕಳು ಹುಟ್ಟಿದ ಸುಮಾರಿಗೆ ಹೊರಟ ಬೆಳಕು! ಸಾಲು ಹಿಡಿದು ಮೇಲೆ ಹೋದರೆ ರೋಹಿಣಿ. ಇನ್ನೂ ಮೇಲೆ, ನೆತ್ತಿಯ ಹತ್ತಿರ, ಕೃತ್ತಿಕೆಯ ಗೊಂಚಲು. ಅದರಲ್ಲಿ ಎಷ್ಟು ಚುಕ್ಕಿ ಇವೆ ಅಂತ ಮಕ್ಕಳೇ ಎಣಿಸಲಿ, ನೀವು ಹೇಳಬೇಡಿ.

ಈ ಹೆಸರುಗಳು ನಿಮಗೆ ಹೊಸವಲ್ಲ, ಅಲ್ವಾ? ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರಾ ಮಳೆ ಅಂತ ಲೆಕ್ಕ ಹಾಕಿ ಬಿತ್ತುವವರು ನೀವೇ. ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿ ಇರುತ್ತಾನೋ ಆಗಿನ ಮಳೆಗೆ ಅದರ ಹೆಸರು. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಹಾಗಾಗಿ ಮೇ ಕೊನೆಗೆ ರೋಹಿಣಿ ಮಳೆ ಹೂಡಿದಾಗ ರೋಹಿಣಿ ನಕ್ಷತ್ರ ಮಾತ್ರ ಕಾಣುವುದಿಲ್ಲ, ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಆರು ತಿಂಗಳು ಕಳೆದು, ಭೂಮಿ ಸೂರ್ಯನ ಆಚೆ ಬದಿಗೆ ಬಂದ ಮೇಲೆ, ಅದೇ ನಕ್ಷತ್ರ ಹೆಚ್ಚುಕಡಿಮೆ ರಾತ್ರಿಯಿಡೀ ಕಾಣುತ್ತದೆ. ಭೂಮಿ ಸುತ್ತುವ ಪಾಠವನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ, ಮನೆಯ ಅಜ್ಜ ಮಳೆಯ ಹೆಸರು ಹೇಳಿ ಬೆರಳು ತೋರಿಸಿದಾಗ ತಿಳಿಯುವಷ್ಟು ತಿಳಿಯುವುದಿಲ್ಲ. ದಯವಿಟ್ಟು ಅಜ್ಜ-ಅಜ್ಜಿಯರನ್ನೂ ಮಾಳಿಗೆಗೆ ಕರೆಯಿರಿ.

ದೂರದರ್ಶಕ ಬೇಡ, ಮೊಬೈಲಂತೂ ಬೇಡವೇ ಬೇಡ. ಕಣ್ಣು ಕತ್ತಲಿಗೆ ಹೊಂದಲು 15-20 ನಿಮಿಷ ಬೇಕು. ನಡುವೆ ಒಮ್ಮೆ ಪರದೆ ನೋಡಿದರೆ ಮತ್ತೆ ಮೊದಲಿಂದ ಕಾಯಬೇಕು. ಸಪ್ತರ್ಷಿ ಮಂಡಲ ಆ ಹೊತ್ತಿಗೆ ಮೂಡಿರುವುದಿಲ್ಲ. ಅದರಲ್ಲಿರುವ ಅರುಂಧತಿಯನ್ನು ಬೇಸಿಗೆಯ ಸಂಜೆ ಹುಡುಕೋಣ.

ಚಳಿ ಜಾಸ್ತಿ, ಸ್ವೆಟರ್ ಹಾಕಿಸಿ. ಮಾಳಿಗೆ ಅಂಚಿಗೆ ಬಿಡಬೇಡಿ. ಕಂಡದ್ದನ್ನು ಹಾಳೆಯ ಮೇಲೆ ಚುಕ್ಕಿ ಇಟ್ಟು ತರಲಿ. ಇದಕ್ಕೆ ಅಂಕ ಇಲ್ಲ. ಮೋಡ ಇದ್ದರೆ ಮುಂದಿನ ನಾಲ್ಕೈದು ದಿನದಲ್ಲಿ ಯಾವಾಗ ನೋಡಿದರೂ ನಡೆಯುತ್ತದೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು
ಗದಗ ತಾಲೂಕು