ಮಗನ ಹಾಡಿಗೆ ಅಪ್ಪನ ಕಾರ್ನೆಟ್

ಮಾನ್ಯರೇ,

ರ‍್ಯಾಪ್‌ಗೆ ಪರಂಪರೆಯ ಬೇರುಗಳೇ ಇಲ್ಲವೆಂದು ಹಗುರವಾಗಿ ಮಾತನಾಡುವವರು ಅಮೆರಿಕದ ಜಾಝ್ ವಾದಕ ಓಲು ದಾರಾ ಹಾಗೂ ಅವರ ಮಗ, ರ‍್ಯಾಪರ್ ನಾಸ್ ಇಬ್ಬರನ್ನೂ ಒಟ್ಟಿಗೆ ಕೇಳಬೇಕೆಂದು ನನ್ನ ವಿನಂತಿ. 1941ರಲ್ಲಿ ಮಿಸಿಸಿಪಿಯ ನ್ಯಾಚೆಜ್‌ನಲ್ಲಿ ಹುಟ್ಟಿದ ದಾರಾ, ನೌಕಾಪಡೆಯ ಸೇವೆ ಮುಗಿಸಿ ನ್ಯೂಯಾರ್ಕ್‌ಗೆ ಬಂದು, ಆರ್ಟ್ ಬ್ಲೇಕಿ, ಹೆನ್ರಿ ಥ್ರೆಡ್‌ಗಿಲ್ ಅವರಂಥ ಜಾಝ್ ಘಟಾನುಘಟಿಗಳ ಜೊತೆ ಕಾರ್ನೆಟ್ (ಟ್ರಂಪೆಟ್‌ನಂಥ ಊದುವ ವಾದ್ಯ) ನುಡಿಸಿದರೂ, ತಮ್ಮದೇ ಹೆಸರಿನ ಮೊದಲ ಆಲ್ಬಂ ತಂದದ್ದು 1998ರಲ್ಲಿ, 57ರ ವಯಸ್ಸಿನಲ್ಲಿ. ಅಷ್ಟು ವರ್ಷ ಸ್ವಂತ ಆಲ್ಬಂಗೆ ಅವಸರಪಡದ ಈ ಸಂಯಮ ಅಪರೂಪದ್ದು.

ಅದಕ್ಕೂ ಮೊದಲೇ, 1994ರಲ್ಲಿ, ಅವರು ಮಗನ ಚೊಚ್ಚಲ ಆಲ್ಬಂ ‘ಇಲ್‌ಮ್ಯಾಟಿಕ್’ಗೆ ನುಡಿಸಿದ್ದರು. ಸಾವು ಯಾವ ಗಳಿಗೆಯಲ್ಲಾದರೂ ಬಂದೀತೆಂಬ ಅಳುಕಿನ ಹಾಡೊಂದರ ಕೊನೆಗೆ, ಮಾತುಗಳೆಲ್ಲ ನಿಂತು ಲಯ ಮಾತ್ರ ಸಾಗುತ್ತಿರುವಾಗ ತೇಲಿಬರುವ ಆ ಕಾರ್ನೆಟ್, ಇಪ್ಪತ್ತರ ಹುಡುಗನ ಹೆಗಲ ಮೇಲೆ ತಂದೆ ಕೈಯಿಟ್ಟಂತೆ ನನಗೆ ಕೇಳಿಸುತ್ತದೆ. ಹತ್ತು ವರ್ಷಗಳ ಬಳಿಕ, 2004ರ ‘ಬ್ರಿಡ್ಜಿಂಗ್ ದ ಗ್ಯಾಪ್’ ಹಾಡಿನಲ್ಲಿ ತಂದೆಯೇ ಕಪ್ಪು ಅಮೆರಿಕನ್ನರ ಹಳೆಯ ಗಾಯನ ಪದ್ಧತಿಯಾದ ಬ್ಲೂಸ್ ಧಾಟಿಯಲ್ಲಿ ದನಿಯೆತ್ತುತ್ತಾರೆ, ಮಗ ಅದೇ ಲಯಕ್ಕೆ ತಮ್ಮ ಮನೆತನದ ಕಥೆಯನ್ನು ಜೋಡಿಸುತ್ತಾನೆ.

— ಸಂಗೀತಾಸಕ್ತ ಓದುಗ, ಧಾರವಾಡ