ಪುಟ್ಟಿ, ಆ ಟ್ಯಾಂಕ್ ಲೆಕ್ಕ ಹೀಗೆ

ಪುಟ್ಟಿ,

ರಾತ್ರಿ ನೀನು ಲೆಕ್ಕದ ಪುಸ್ತಕದ ಮೇಲೇ ತಲೆ ಇಟ್ಟು ಮಲಗಿಬಿಟ್ಟಿದ್ದೆ. ಎತ್ತಿ ಹಾಸಿಗೆಗೆ ಹಾಕಿದ ಮೇಲೆ ನೋಡಿದರೆ, ಒಂದೇ ಲೆಕ್ಕ ಮೂರು ಸಲ ಬರೆದು ಮೂರು ಸಲವೂ ಅಳಿಸಿದ್ದೀಯ, ಹಾಳೆ ತೂತಾಗುವಷ್ಟು. ಬೆಳಿಗ್ಗೆ ನೀನು ಏಳುವಷ್ಟರಲ್ಲಿ ನಾನು ಮೆಟ್ರೋದಲ್ಲಿರುತ್ತೇನೆ, ಅದಕ್ಕೆ ಈಗಲೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಸಂಜೆ ನೀನು "ಯಾಕಮ್ಮಾ ಹಂಗೆ?" ಅಂತ ಕೇಳಿದಾಗ ನಾನು "ಸುಮ್ನೆ ಸೂತ್ರ ಹಾಕು" ಅಂದುಬಿಟ್ಟೆ. ಅದು ತಪ್ಪು. ನನಗೂ 7ನೇ ಕ್ಲಾಸಲ್ಲಿ ಸೂತ್ರ ಬಾಯಿಪಾಠ ಮಾಡಿಸಿದರು, ಯಾಕೆ ಅಂತ ಯಾರೂ ಹೇಳಲಿಲ್ಲ. ನಿನಗೆ ಹಾಗಾಗುವುದು ಬೇಡ.

ಒಂದು ನಲ್ಲಿ 6 ಗಂಟೆಯಲ್ಲಿ ಟ್ಯಾಂಕ್ ತುಂಬಿಸುತ್ತದೆ, ಇನ್ನೊಂದು 3 ಗಂಟೆಯಲ್ಲಿ, ಎರಡೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು? ನೀನು ಆರು ಮೂರು ಒಂಬತ್ತು, ಅದರಲ್ಲಿ ಅರ್ಧ ನಾಲ್ಕೂವರೆ ಅಂತ ಬರೆದಿದ್ದೀಯ. ಕೂಡಿದ್ದು ಸರಿ, ಭಾಗಿಸಿದ್ದೂ ಸರಿ. ಈಗ ಪೆನ್ಸಿಲ್ ಕೆಳಗಿಟ್ಟು ನಮ್ಮ ಮನೆ ಮೇಲಿನ ಟ್ಯಾಂಕ್ ನೆನೆಸಿಕೋ. ಬೋರ್ ಮೋಟಾರ್ ಒಂದೇ 3 ಗಂಟೆಗೆ ತುಂಬಿಸುತ್ತದೆ ಅಂದುಕೋ. ಅದರ ಜೊತೆಗೆ ಕಾವೇರಿ ನೀರೂ ಬಂದರೆ ಇನ್ನೂ ಬೇಗ ತುಂಬಬೇಕು, ಅಲ್ವಾ? ಹಾಗಾದರೆ ಉತ್ತರ 3ಕ್ಕಿಂತ ಕಡಿಮೆ ಇರಲೇಬೇಕು. ಇಷ್ಟು ಗೊತ್ತಾಗಲು ಒಂದು ಅಂಕಿಯನ್ನೂ ಬರೆಯಬೇಕಾಗಿಲ್ಲ ನೋಡು.

ಇನ್ನು ಟ್ಯಾಂಕ್ ಎಷ್ಟು ದೊಡ್ಡದು ಅಂತ ಅವರು ಹೇಳಿಲ್ಲ. ನಾವೇ ಇಟ್ಟುಕೊಳ್ಳೋಣ, 6000 ಲೀಟರ್. ಕಾವೇರಿ ಗಂಟೆಗೆ 1000 ಲೀಟರ್ ತುಂಬಿಸುತ್ತದೆ, ಮೋಟಾರ್ 2000. ಎರಡೂ ಸೇರಿ ಗಂಟೆಗೆ 3000. 6000 ತುಂಬಲು 2 ಗಂಟೆ. ಮುಗೀತು! 12000 ಲೀಟರ್ ಅಂತ ಇಟ್ಟುಕೊಂಡು ಮಾಡಿದರೂ 2 ಗಂಟೆಯೇ ಬರುತ್ತದೆ, ಮಾಡಿ ನೋಡು. ಟೀಚರ್ ಬೋರ್ಡಿನ ಮೇಲೆ ಬರೆದ ಆರನೇ ಒಂದು, ಮೂರನೇ ಒಂದು ಅಂದರೆ ಇದೇ, ಗಂಟೆಗೆ ಎಷ್ಟು ಭಾಗ ತುಂಬಿತು ಅಂತ. ಗಂಟೆಗಳನ್ನು ಕೂಡಬಾರದು ಕಂದ, ಒಂದು ಗಂಟೆಯಲ್ಲಿ ಆದ ಕೆಲಸವನ್ನು ಕೂಡಬೇಕು.

ಈ ಲೆಕ್ಕ ನಿನ್ನ ಪುಸ್ತಕದವರು ಹೊಸದಾಗಿ ಹುಟ್ಟಿಸಿದ್ದಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲೂ ಇಂಥದೇ ಒಂದಿದೆ. ಅಲ್ಲಿ ನಲ್ಲಿ ಬದಲು ನಾಲ್ಕು ಝರಿಗಳು. ಒಂದೊಂದೇ ಹರಿದರೆ ಒಂದು ದಿನ, ಅರ್ಧ ದಿನ, ದಿನದ ಮೂರನೇ ಒಂದು, ಆರನೇ ಒಂದು ಭಾಗದಲ್ಲಿ ಕೊಳ ತುಂಬುತ್ತದೆ. ನಾಲ್ಕೂ ಸೇರಿ ಹರಿದರೆ ಇಡೀ ದಿನದಲ್ಲಿ 1, 2, 3, 6, ಒಟ್ಟು 12 ಕೊಳ ತುಂಬುತ್ತವೆ. ಹಾಗಾದರೆ ಒಂದು ಕೊಳಕ್ಕೆ ದಿನದ ಹನ್ನೆರಡನೇ ಒಂದು ಭಾಗ. ನಮ್ಮ ಲೆಕ್ಕದಲ್ಲಿ ಅದೂ 2 ಗಂಟೆಯೇ! ಓದಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ.

ವ್ಯಾನಿನ ಲೆಕ್ಕದಲ್ಲೂ ಇದೇ ತಪ್ಪಾಗಿದೆ. ಹೋಗುವಾಗ ಗಂಟೆಗೆ 30 ಕಿಲೋಮೀಟರ್, ಬರುವಾಗ 20, ಸರಾಸರಿ 25 ಅಂತ ಬರೆದಿದ್ದೀಯ. ಸ್ಕೂಲು 6 ಕಿಲೋಮೀಟರ್ ದೂರ ಅಂದುಕೋ. ಹೋಗಲು 12 ನಿಮಿಷ, ಬರಲು 18. ಒಟ್ಟು 12 ಕಿಲೋಮೀಟರಿಗೆ ಅರ್ಧ ಗಂಟೆ, ಅಂದರೆ ಗಂಟೆಗೆ 24. ಸಂಜೆ ಟ್ರಾಫಿಕ್ಕಿನಲ್ಲಿ ನಿಧಾನವಾಗಿ ಬಂದ ಹೊತ್ತೇ ಜಾಸ್ತಿ, ಅದಕ್ಕೆ ಉತ್ತರ 20ರ ಕಡೆಗೆ ಸ್ವಲ್ಪ ವಾಲಿದೆ.

ಮೂರನೆಯದನ್ನು ನಾನು ಮಾಡಿಲ್ಲ, ಅದು ನಿನ್ನದು. ಅದೇ ಟ್ಯಾಂಕ್, ಎರಡು ನಲ್ಲಿಯೂ ಬಿಟ್ಟಿದೆ, ಆದರೆ ತಳದಲ್ಲಿ ಸೋರುತ್ತಿದೆ, ತುಂಬಿದ ಟ್ಯಾಂಕ್ 12 ಗಂಟೆಯಲ್ಲಿ ಖಾಲಿಯಾಗುವಷ್ಟು. ಮೊದಲು 2 ಗಂಟೆಗಿಂತ ಜಾಸ್ತಿಯಾ ಕಡಿಮೆಯಾ ಅಂತ ಬರಿ, ಆಮೇಲೆ ಲೆಕ್ಕ ಮಾಡು. ಈ ಸಲ ಅಳಿಸಬೇಡ, ತಪ್ಪಾದರೂ ಹಾಗೇ ಇರಲಿ, ಸಂಜೆ ಇಬ್ಬರೂ ಕೂತು ನೋಡೋಣ.

ದೋಸೆ ಹಿಟ್ಟು ಫ್ರಿಜ್ಜಲ್ಲಿದೆ, ಅಪ್ಪನಿಗೆ ಹೇಳು.

ಅಮ್ಮ