ಕೂಡಿಸುವ ಮೊದಲು ಕೈಗೆ ಕೆಲಸ ಕೊಡು

ದೋಸ್ತಾ,

"ಹತ್ತು ನಿಮಿಷ ಒಂದ ಕಡೆ ಕೂಡಂಗಿಲ್ಲ ಅಂವ. ಬೈದ್ರೂ ಅಷ್ಟ, ಹೊಡದ್ರೂ ಅಷ್ಟ" ಅಂತ ಮಗನ ಬಗ್ಗೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮೊದಲು ಹೊಡೆಯುವುದನ್ನು ನಿಲ್ಲಿಸು. ಅವನು ಹಟಕ್ಕೆ ಹಾಗೆ ಮಾಡುತ್ತಿದ್ದಾನೆ ಅಂತ ನನಗನ್ನಿಸುವುದಿಲ್ಲ.

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಅಂತ ಐದು ಇಂದ್ರಿಯಗಳನ್ನು ನಾವು ಶಾಲೆಯಲ್ಲಿ ಕಲಿತೆವು. ಇನ್ನೂ ಇವೆ. ಒಳಕಿವಿಯಲ್ಲಿ ಒಂದಿದೆ, ನಾವು ವಾಲಿದ್ದು, ತಿರುಗಿದ್ದು ಅದಕ್ಕೆ ಗೊತ್ತಾಗುತ್ತದೆ. ಇನ್ನೊಂದು ಸ್ನಾಯು, ಕೀಲುಗಳಲ್ಲಿದೆ. ಕೈಕಾಲು ಎಲ್ಲಿವೆ, ಎಷ್ಟು ಬಲ ಹಾಕುತ್ತಿವೆ ಅಂತ ಅದು ಮೆದುಳಿಗೆ ತಿಳಿಸುತ್ತದೆ. ಇದೆಲ್ಲಕ್ಕೂ ಕಲಿಕೆಗೂ ಇರುವ ನಂಟಿನ ಬಗ್ಗೆ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳ ಮೂಲಕ ಚಿಕಿತ್ಸೆ ಕೊಡುವವರು) ಜೀನ್ ಏರ್ಸ್ 1972ರಲ್ಲೇ ಪುಸ್ತಕ ಬರೆದರು. ಕೆಲವು ಮಕ್ಕಳ ಮೈ ಇಂಥ ಅನುಭವವನ್ನು ಜಾಸ್ತಿ ಬೇಡುತ್ತದೆ, ಅದಕ್ಕೇ ಜಿಗಿಯುತ್ತಾರೆ, ಪೆನ್ಸಿಲ್ ಕಡಿಯುತ್ತಾರೆ. ಕೆಲವರಿಗೆ ಅಂಗಿಯ ಲೇಬಲ್ ಚುಚ್ಚಿದರೂ ತಡೆಯಲಾಗುವುದಿಲ್ಲ.

ನಿನ್ನ ಮಗನಲ್ಲಿ ಎರಡೂ ಕಾಣುತ್ತವೆ. ಕಳೆದ ಸಲ ಧಾರವಾಡಕ್ಕೆ ಬಂದಾಗ ನಮ್ಮ ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಒಳಗೆ ಓಡಿದ. ಆಮೇಲೆ ಮೂಲೆಯಲ್ಲಿದ್ದ ಜೋಳದ ಚೀಲವನ್ನು ಎಳೆದ, ದೂಡಿದ, ಕೊನೆಗೆ ಅದಕ್ಕೇ ಬೆನ್ನು ಒತ್ತಿ ಕೂತು ಚಿತ್ರಕ್ಕೆ ಬಣ್ಣ ಹಚ್ಚಿದ. ಚಹಾ ಮುಗಿಯುವವರೆಗೂ ಏಳಲಿಲ್ಲ. ತನಗೇನು ಬೇಕು ಅನ್ನುವುದು ಆ ಹುಡುಗನಿಗೆ ಗೊತ್ತಿತ್ತು.

ಹಾಗಾಗಿ ಶಾಲೆಯಿಂದ ಬಂದ ಕೂಡಲೇ ಪುಸ್ತಕ ಹಿಡಿಸಬೇಡ. ಮೊದಲು ಮೈಗೆ ಕೆಲಸ ಕೊಡು. ಇದಕ್ಕೆ ದುಬಾರಿ ಆಟಿಕೆ ಏನೂ ಬೇಡ. ನಳ ಬಂದ ದಿನ ಅರ್ಧ ಬಕೆಟ್ ನೀರು ಹಿತ್ತಲಿಗೆ ಒಯ್ಯಲಿ. ವೈನಿ ರೊಟ್ಟಿ ಬಡಿಯಲು ಕೂತಾಗ ಅವನನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ಎಸರಿನ ಬಿಸಿ ಆರಿದ ಮೇಲೆ ಒಂದು ಮುದ್ದೆ ಹಿಟ್ಟು ಕೊಡಿ. ಜೋಳದ ಹಿಟ್ಟು ಗೋಧಿಯ ಹಾಗಲ್ಲ, ಸರಿಯಾಗಿ ನಾದದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಬೇಕು. ಆ ಬಲ ಮಣಿಕಟ್ಟು, ಮೊಣಕೈ ದಾಟಿ ಭುಜದವರೆಗೂ ಮುಟ್ಟುತ್ತದೆ. ಆಮೇಲೆ ಬಡಿಯುವ ಪಟಪಟ, ಅದಕ್ಕೊಂದು ಲಯ ಇದೆ. ರೊಟ್ಟಿ ದುಂಡಗೆ ಬರದಿದ್ದರೆ ಬಿಡು, ಹಾಗೇ ಬೇಯಿಸಿ ಅವನಿಗೇ ತಿನ್ನಲು ಕೊಡಿ. ಹಿಟ್ಟು ಕೈಗೆ ಅಂಟಿದ್ದು ಅವನಿಗೆ ಸೇರದಿದ್ದರೆ ಒತ್ತಾಯ ಬೇಡ, ಮೊರದಲ್ಲಿ ಜೋಳ ಹಸನು ಮಾಡಲಿ. ಆಮೇಲೆ ಪುಸ್ತಕ. ಓದುವಾಗ ಕಟಕ ರೊಟ್ಟಿಯ ಚೂರು ಜಗಿಯುತ್ತಿದ್ದರೂ ಸುಮ್ನೆ ಬಿಡು. ಪೆನ್ಸಿಲ್ ಕಡಿಯುವುದಕ್ಕಿಂತ ಅದು ಒಳ್ಳೆಯದಲ್ವಾ?

ಪಂಚಮಿಗೆ ಜೋಕಾಲಿ ಕಟ್ಟುತ್ತೀರಲ್ಲ, ಈ ವರ್ಷ ಹಬ್ಬ ಮುಗಿದರೂ ಬಿಚ್ಚಬೇಡ. ಹಿಂದೆ ಮುಂದೆ, ನಿಧಾನಕ್ಕೆ, ಒಂದೇ ಸಮ ತೂಗಿದರೆ ಹೆಚ್ಚಿನ ಮಕ್ಕಳು ಶಾಂತವಾಗುತ್ತಾರೆ. ಹಗ್ಗ ಹುರಿಮಾಡಿ ಗರಗರ ತಿರುಗಿಸಿದರೆ ಎಷ್ಟೋ ಮಕ್ಕಳು ಇನ್ನಷ್ಟು ಕೆರಳುತ್ತಾರೆ, ಮಲಗುವ ಹೊತ್ತಿಗಂತೂ ಅದು ಬೇಡ. ರಾತ್ರಿಗೆ ನಿಮ್ಮ ಅವ್ವ ಹೊಲಿದ ದಪ್ಪ ಕೌದಿ ಇದೆಯಲ್ಲ, ಅದರ ಭಾರ ಅವನಿಗೆ ಹಿತ ಅನ್ನಿಸಬಹುದು. ಬೇಡ ಅನ್ನಿಸಿದಾಗ ತಾನೇ ಸರಿಸುವಂತಿರಬೇಕು, ಮುಖ ಮುಚ್ಚಬಾರದು.

ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಹೀಗೆ ಒತ್ತುವುದು, ತೂಗುವುದು ಅಂತ ಇಂದ್ರಿಯಗಳಿಗೆ ಕೆಲಸ ಕೊಡುವ ಚಿಕಿತ್ಸೆಯ ಪರಿಣಾಮದ ಬಗ್ಗೆ ಸಂಶೋಧನೆ ಇನ್ನೂ ಕಡಿಮೆ, ಅದನ್ನು ತಂದೆ-ತಾಯಿಗೆ ತಿಳಿಸಬೇಕು ಅಂತ ಅಮೆರಿಕದ ಮಕ್ಕಳ ತಜ್ಞರ ಸಂಘವೇ 2012ರಲ್ಲಿ ಹೇಳಿದೆ. ಚಡಪಡಿಕೆಯ ಹಿಂದೆ ನಿದ್ದೆ ಸಾಲದಿರುವುದು, ಕಿವಿ-ಕಣ್ಣಿನ ತೊಂದರೆ, ಗಮನ ನಿಲ್ಲದೆ ಚಡಪಡಿಸುವ ಸಮಸ್ಯೆಯಾದ ಎಡಿಎಚ್‌ಡಿ ಹೀಗೆ ಬೇರೆ ಕಾರಣವೂ ಇರಬಹುದು. ಅದನ್ನು ನಾನು, ನೀನು ಕೂತು ತೀರ್ಮಾನಿಸುವುದು ತಪ್ಪು. ಇಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ. ಮನೋರೋಗದ ಆಸ್ಪತ್ರೆ ಅಂತ ನಿಮ್ಮ ಮನೆಯಲ್ಲಿ ಹಿಂಜರಿದರೆ ವೈನಿಯ ಹತ್ತಿರ ನಾನೇ ಮಾತಾಡುತ್ತೇನೆ.

ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಡು. ಯಾವ ಹೊತ್ತಿಗೆ ಕೆರಳಿದ, ಅದಕ್ಕೆ ಮುಂಚೆ ಏನಾಗಿತ್ತು, ಏನು ಮಾಡಿದಾಗ ತಣ್ಣಗಾದ, ಇಷ್ಟು ಬರೆದರೆ ಸಾಕು. ಡಾಕ್ಟರು ಇದನ್ನು ಕೇಳಿಯೇ ಕೇಳುತ್ತಾರೆ. ಯಾವ ದಿನ ಬರುತ್ತೀ ತಿಳಿಸು, ನಾನು ರಜೆ ಹಾಕುತ್ತೇನೆ.

ನಿನ್ನ ಗೆಳೆಯ